ಸಂಖ್ಯಾಮುದ್ರೆಯೂ ಸಂಖ್ಯಾಪತ್ರವೂ: ಆಂಗ್ಲದೇಶದ ಒಂದು ಪರಿವರ್ತನೆಯ ವಿಚಾರ

ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ಸೋದರಳಿಯನು ಹೋದ ವರ್ಷ ನನಗೆ ಬರೆದ ಕಾಗದದಲ್ಲಿ ಒಂದು ಸಂದೇಹವನ್ನು ನಿವೇದಿಸಿದ್ದನು. ಅವನ ಮಗಳಿಗೆ ಹದಿನಾರು ವರ್ಷ ತುಂಬುವುದಕ್ಕೆ ಸ್ವಲ್ಪ ಮುಂಚೆ ಆ ದೇಶದ ಕಂದಾಯದ ಇಲಾಖೆಯಿಂದ ಅವಳ ಹೆಸರಿಗೆ ಅಂಚೆಯಲ್ಲಿ ಒಂದು ಪತ್ರವು ಬಂದಿತು. ಅವಳಿಗೆ ಯಾವಜ್ಜೀವವೂ ಇರತಕ್ಕ ಒಂದು ಸಂಖ್ಯೆಯು ಅದರಲ್ಲಿ ಬರೆದಿತ್ತು. ಹಿಂದೆಯೇ ಕಾರ್ಡೂ ಬರುವುದೆಂದು ಮನೆಯವರು ಕೆಲವು ವಾರ ಕಾದರು, ಬರಲಿಲ್ಲ. ವಿಚಾರಿಸಿದಲ್ಲಿ, ಆ ಪತ್ರವೇ ಎಲ್ಲವೂ, ಕಾರ್ಡು ಕೊಡುವ ಪದ್ಧತಿಯು ನಿಂತು ಬಹಳ ವರ್ಷಗಳಾದುವು ಎಂದು ತಿಳಿಯಿತು. “ಮಾವ, ಪಕ್ಕದ ಮನೆಯ ಹಿರಿಯರ ಹತ್ತಿರ ಗಟ್ಟಿಯಾದ ಪ್ಲಾಸ್ಟಿಕ್ ಕಾರ್ಡು ಇದೆ, ನಮ್ಮ ಹುಡುಗಿಗೆ ಮಾತ್ರ ಮಡಿಸಿದ ಒಂದು ಹಾಳೆ. ಇದನ್ನು ಯಾರು ಲಕ್ಷ್ಯಕ್ಕೆ ತರುತ್ತಾರೆ? ಊರಿನಲ್ಲಾದರೆ ಲ್ಯಾಮಿನೇಷನ್ನನ್ನಾದರೂ ಮಾಡಿಸಬಹುದಾಗಿತ್ತು” ಎಂದು ಅವನು ಬರೆದಿದ್ದನು.

ಇದನ್ನು ಓದಿ ನಾನು ಮೊದಲು ನಕ್ಕೆನು. ಆದರೆ ಅದೇ ತಿಂಗಳಲ್ಲಿ ನಮ್ಮಲ್ಲಿ ಅಡಿಗೆಯ ಕೆಲಸಕ್ಕಿದ್ದ ವೃದ್ಧನೊಬ್ಬನು ಎರಡು ತಿಂಗಳಿಂದ ನ್ಯಾಯಬೆಲೆಯ ಅಂಗಡಿಗೆ ಹೋಗದೆ ಅಕ್ಕಿಯನ್ನು ಸಾಲ ತಂದು ಉಣ್ಣುತ್ತಿದ್ದನೆಂಬ ಸಂಗತಿಯು ನನಗೆ ತಿಳಿಯಬಂದಿತು. ಕಾರಣವನ್ನು ಕೇಳಲು, “ನನ್ನ ಆಧಾರ್ ಬಸ್ಸಿನಲ್ಲಿ ಕಳೆದುಹೋಯಿತು ಸ್ವಾಮಿ, ಇನ್ನು ಯಾವ ಮುಖದಿಂದ ಹೋಗಲಿ?” ಎಂದನು. ಕಳೆದುಹೋದುದು ಲ್ಯಾಮಿನೇಷನ್ ಮಾಡಿಸಿದ ಕಾಗದದ ತುಂಡು. ಅವನ ಸಂಖ್ಯೆಯಾಗಲಿ ಬೆರಳಿನ ಗುರುತಾಗಲಿ ಕಳೆದಿರಲಿಲ್ಲ. ಅಂಗಡಿಯಲ್ಲಿ ಅವನನ್ನು ಯಾರೂ ಹಿಂದಕ್ಕೆ ಕಳುಹಿಸಿರಲೂ ಇಲ್ಲ, ತಾನಾಗಿಯೇ ನಿಂತುಬಿಟ್ಟಿದ್ದನು. ಸಂಖ್ಯೆಯು ಯಾವುದು, ಅದನ್ನು ಹೊತ್ತಿರುವ ವಸ್ತುವು ಯಾವುದು, ಇವೆರಡರಲ್ಲಿ ಯಾವುದು ಯಾವುದಕ್ಕೆ ಪ್ರಮಾಣ ಎಂಬ ವಿವೇಕವು ಅಪರೋಕ್ಷವಾಗಿ ಅನ್ನದ ಪ್ರಶ್ನೆಯೂ ಆಗುವುದೆಂದು ಆಗ ನನಗೆ ಹೊಳೆಯಿತು. ಆದುದರಿಂದ ಆಂಗ್ಲದೇಶದವರು ಮಾಡಿದ ಈ ಪರಿವರ್ತನೆಯನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಲು ಉದ್ಯುಕ್ತನಾಗಿದ್ದೇನೆ.

ಆ ದೇಶದಲ್ಲಿ ರಾಷ್ಟ್ರೀಯ ವಿಮೆಯ ಮೊದಲನೆಯ ಶಾಸನವು ೧೯೧೧ನೆಯ ಇಸವಿಯಲ್ಲಿ ಲಾಯ್ಡ್ ಜಾರ್ಜ್ ಎಂಬ ಮಂತ್ರಿಯ ಪ್ರಯತ್ನದಿಂದ ಅಂಗೀಕೃತವಾಗಿ ಮರುವರ್ಷದ ಜುಲೈ ತಿಂಗಳಿಂದ ಆಚರಣೆಗೆ ಬಂದಿತು. ಕೆಲಸಗಾರನು ರೋಗದಿಂದ ಮಲಗಿದಾಗಲೂ, ಕೆಲವು ಕಸುಬುಗಳಲ್ಲಿ ಕೆಲಸವಿಲ್ಲದೆ ಕುಳಿತಾಗಲೂ, ಅವನಿಗೆ ಇಂತಿಷ್ಟು ಹಣ ದೊರೆಯತಕ್ಕದ್ದು; ಅದಕ್ಕಾಗಿ ಅವನೂ ಅವನ ಯಜಮಾನನೂ ವಾರವಾರವೂ ತಮ್ಮ ತಮ್ಮ ಪಾಲನ್ನು ಕಟ್ಟತಕ್ಕದ್ದು. ಕಟ್ಟುವ ಕ್ರಮವು ಹೀಗೆ: ಕೆಲಸಗಾರನ ಹೆಸರಿನಲ್ಲಿ ಒಂದು ಕಾರ್ಡು ಇರುವುದು, ಯಜಮಾನನು ಅಂಚೆಯ ಕಚೇರಿಯಲ್ಲಿ ಸ್ಟಾಂಪುಗಳನ್ನು ಕೊಂಡು ಆ ಕಾರ್ಡಿನ ಮನೆಗಳಲ್ಲಿ ಅಂಟಿಸುವನು. ಕಾರ್ಡು ಯಜಮಾನನ ವಶದಲ್ಲಿರುವುದು. ಕೆಲಸವನ್ನು ಬಿಡಿಸಿದಾಗ ಅದನ್ನು ಹಿಂದಕ್ಕೆ ಕೊಡುವನು. ಈ ಕಾರಣದಿಂದ, ಒಬ್ಬನ ಕಾರ್ಡು ಅವನ ಕೈಗೆ ಬಂದಿತೆಂದರೆ ಅವನ ಕೆಲಸವು ಹೋಯಿತೆಂದೇ ಅರ್ಥವಾಗುವ ಮಾತೊಂದು ಅವರ ಆಡುನುಡಿಯಲ್ಲಿ ಹುಟ್ಟಿಕೊಂಡಿತು. ಕೈಗೆ ಬರುವುದು ಕೆಡುಕಿನ ಸೂಚನೆಯಾದ ಕಾರ್ಡು ಇದೊಂದೇ ಇರಬೇಕು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ೧೯೪೬ರ ಶಾಸನದಿಂದ ವಿಮೆಯು ಸರ್ವಜನರಿಗೂ ವಿಸ್ತರಿಸಲ್ಪಟ್ಟು, ೧೯೪೮ನೆಯ ಜುಲೈ ೫ನೆಯ ತಾರೀಖಿನಿಂದ ನಡೆಗೆ ಬಂದಿತು. ಆಗ ಪ್ರತಿಯೊಬ್ಬನಿಗೂ ಒಂದು ಸಂಖ್ಯೆಯನ್ನು ಗೊತ್ತುಮಾಡಿದರು. ಅದರ ರೂಪವನ್ನು ಇಲ್ಲಿ ಹೇಳುವುದು ಯುಕ್ತವಾಗಿದೆ. ಮೊದಲು ಎರಡು ರೋಮನ್ ಅಕ್ಷರಗಳು, ನಡುವೆ ಆರು ಅಂಕಗಳು, ಕೊನೆಯಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕರಲ್ಲಿ ಒಂದು ಅಕ್ಷರ. ಈ ಅಂತ್ಯಾಕ್ಷರದ ಚರಿತ್ರೆಯು ನನಗೆ ಬಹಳ ರುಚಿಸಿತು. ಸ್ಟಾಂಪಿನ ಕಾರ್ಡು ವರ್ಷಕ್ಕೊಮ್ಮೆ ತುಂಬುವುದಷ್ಟೆ; ತುಂಬಿದುದನ್ನು ಕಚೇರಿಗೆ ಒಪ್ಪಿಸಿ ಹೊಸದನ್ನು ಪಡೆಯಬೇಕು. ದೇಶದ ಕಾರ್ಡುಗಳೆಲ್ಲ ಒಂದೇ ದಿನ ಬಂದು ಬಿದ್ದರೆ ಗುಮಾಸ್ತರ ಗತಿಯೇನು? ಆದಕಾರಣ ಜನರನ್ನು ನಾಲ್ಕು ಪಾಲು ಮಾಡಿ, ವರ್ಷದ ನಾಲ್ಕು ಭಾಗಗಳಲ್ಲಿ ಒಂದೊಂದು ಪಾಲಿನವರ ಕಾರ್ಡು ಬದಲಾಗುವಂತೆ ಆ ಅಕ್ಷರಗಳನ್ನು ಇಟ್ಟರು. ೧೯೭೫ರಲ್ಲಿ ಸಂಬಳಗಾರರ ಸ್ಟಾಂಪುಗಳು ಹೋದುವು. ಪಾಲು ಸಂಬಳದಲ್ಲಿಯೇ ವಜಾ ಆಗತೊಡಗಿತು. ಕಾರ್ಡೂ ಹೋಯಿತು, ಅದರ ಸರದಿಯನ್ನು ತಿಳಿಸುತ್ತಿದ್ದ ಅಕ್ಷರವು ಮಾತ್ರ ಇಂದಿಗೂ ಸಂಖ್ಯೆಯ ಬಾಲದಲ್ಲಿ ಉಳಿದಿದೆ. ವ್ಯಾಕರಣವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಪ್ರತ್ಯಯಗಳಲ್ಲಿ ಇತ್ಸಂಜ್ಞಕವಾದ ವರ್ಣಗಳು ತಮ್ಮ ಕಾರ್ಯವನ್ನು ಮಾಡಿ ಲೋಪವನ್ನು ಹೊಂದುತ್ತವೆ. ಇಲ್ಲಿಯಾದರೋ ಕಾರ್ಯವು ಲೋಪವಾಗಿ ವರ್ಣವು ನಿಂತಿದೆ, ಅಷ್ಟೇ ಭೇದ.

ಆಮೇಲೆ ಬಂದುದು ಪ್ಲಾಸ್ಟಿಕ್ಕಿನ ಕಾರ್ಡು. ಇದರಲ್ಲಿ ಹೆಸರೂ ಸಂಖ್ಯೆಯೂ ಇದ್ದುವು, ಭಾವಚಿತ್ರವಿಲ್ಲ. ಇದು ಗುರುತಿನ ಪ್ರಮಾಣವಲ್ಲವೆಂದು ಕಾರ್ಡಿನ ಮೇಲೆಯೇ ಅಚ್ಚಾಗಿತ್ತು. ೨೦೧೧ರಲ್ಲಿ ಇದನ್ನೂ ನಿಲ್ಲಿಸಿ, ಸಂಖ್ಯೆಯನ್ನು ತಿಳಿಸುವ ಪತ್ರವನ್ನು ಮಾತ್ರ ಕಳುಹಿಸತೊಡಗಿದರು. ಕಾರ್ಡಿಗಿಂತ ಪತ್ರಕ್ಕೆ ಖರ್ಚು ಕಡಮೆಯೆಂಬುದು ಸ್ಪಷ್ಟವೇ ಆಗಿದೆ. ಆದರೆ ಖರ್ಚಿನ ಮಾತಿಗಿಂತ ಆಳವಾದ ಒಂದು ನ್ಯಾಯವು ಇದರಲ್ಲಿ ಅಡಗಿದೆಯೆಂಬುದು ನನ್ನ ಅಭಿಪ್ರಾಯ. ಕ್ರಮವನ್ನು ನೋಡಿರಿ. ಸ್ಟಾಂಪಿನ ಕಾರ್ಡು ಲೆಕ್ಕವೇ ಆಗಿದ್ದಿತು. ಅದು ಸುಟ್ಟರೆ ಲೆಕ್ಕದ ಒಂದು ವರ್ಷವೇ ಸುಟ್ಟಂತೆ. ಪ್ಲಾಸ್ಟಿಕ್ ಕಾರ್ಡಿನಲ್ಲಿ ಲೆಕ್ಕವಿರಲಿಲ್ಲ, ಲೆಕ್ಕದ ಛಾಯೆ ಇದ್ದಿತು. ಆದರೆ ಹಳೆಯ ಕಾರ್ಡಿನ ಗೌರವವೆಲ್ಲ ಈ ಛಾಯೆಗೆ ಸಂದಿತು. ಪತ್ರವು ಲೆಕ್ಕವೂ ಅಲ್ಲ, ಛಾಯೆಯೂ ಅಲ್ಲ. ಲೆಕ್ಕವೊಂದು ನಿನ್ನ ಹೆಸರಿನಲ್ಲಿ ಇದೆಯೆಂಬ ವಾರ್ತೆ. ತಾನು ಏನೋ ಅದನ್ನೇ ಹೇಳುವುದು, ಹೆಚ್ಚನ್ನು ಹೇಳದು.

ಇಲ್ಲಿ ಮುದ್ರೆಯ ಸ್ವರೂಪವನ್ನು ವಿಚಾರಿಸಬೇಕಾಗಿದೆ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಅವರಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅವನು ಒಂದು ಮಾಷಕವನ್ನು ತೆಗೆದುಕೊಂಡು ಮುದ್ರೆಯನ್ನು ಕೊಡುವನು. ಮುದ್ರೆಯುಳ್ಳವನು ಜನಪದವನ್ನು ಪ್ರವೇಶಿಸಲೂ ಬಿಡಲೂ ಅರ್ಹನು. ಇಲ್ಲದ ಜಾನಪದನಿಗೆ ಹನ್ನೆರಡು ಪಣ ದಂಡ. ಕೂಟಮುದ್ರೆಯನ್ನು ಉಪಯೋಗಿಸಿದವನಿಗೆ ಪೂರ್ವಸಾಹಸದಂಡ. ನಮ್ಮ ಹಿಂದಿನವರು ರಹದಾರಿಯೆನ್ನುತ್ತಿದ್ದುದು ಈ ಜಾತಿಯದೇ. ಈಗ ಪ್ರಶ್ನೆಯೇನೆಂದರೆ, ಮುದ್ರೆಯು ಏನನ್ನು ಸಿದ್ಧಪಡಿಸುತ್ತದೆ? ಕೊಟ್ಟವನನ್ನೋ, ಹಿಡಿದವನನ್ನೋ?

ಕಾಳಿದಾಸನ ಶಾಕುಂತಲವನ್ನು ಬಲ್ಲವರಿಗೆ ಉತ್ತರವು ಕಷ್ಟವಲ್ಲ. ದುಷ್ಯಂತನ ಹೆಸರನ್ನು ಕೆತ್ತಿದ ಉಂಗುರವು ಬೆಸ್ತನ ಕೈಯಲ್ಲಿ ಸಿಕ್ಕಿದಾಗ ಕಾವಲಿನವರು ಅವನನ್ನು ರಾಜಬಂಧುವೆಂದು ಭಾವಿಸಲಿಲ್ಲ, ಕಳ್ಳನೆಂದು ಕಟ್ಟಿ ತಂದರು. ಉಂಗುರವು ರಾಜನದೆಂಬುದು ಸಿದ್ಧವಾಯಿತು. ಹಿಡಿದವನು ಯಾರೆಂಬುದು ಅದರಿಂದ ಸಿದ್ಧವಾಗಲಿಲ್ಲ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿಯಂತೂ ಇದೇ ನಾಟಕದ ಬೀಜ. ರಾಕ್ಷಸನ ಉಂಗುರವು ಚಾಣಕ್ಯನ ಕೈಸೇರಿತು. ಶಕಟದಾಸನಿಂದ ವಿಷಯವನ್ನು ಮರೆಸಿ ಬರೆಯಿಸಿದ ಲೇಖಕ್ಕೆ ಆ ಮುದ್ರೆಯು ಬಿದ್ದಿತು. ಮುದ್ರೆಯೂ ಅಕ್ಷರವೂ ನಿಜವಾದುವೇ ಆದುದರಿಂದ ಮಲಯಕೇತುವು ಸುಳ್ಳನ್ನು ನಂಬಿ ಕೆಟ್ಟನು. ಇದಕ್ಕೆ ಪ್ರತಿಯಾಗಿ ಸುಂದರಕಾಂಡದ ಕ್ರಮವನ್ನು ಗಮನಿಸಬೇಕು. ಹನುಮಂತನು ಉಂಗುರವನ್ನು ಮೊದಲೇ ಚಾಚಲಿಲ್ಲ. ಸೀತಾದೇವಿಯು ರಾಮಲಕ್ಷ್ಮಣರ ಲಕ್ಷಣಗಳನ್ನು ಕೇಳಿದಳು, ಅವನು ವಿಸ್ತಾರವಾಗಿ ಹೇಳಿದನು, ಅನಂತರವೇ ಉಂಗುರವನ್ನು ಕೊಟ್ಟನು. ಮಾತು ಮುಂದೆ, ಮುದ್ರೆ ಹಿಂದೆ. ಮುದ್ರೆಯು ಬೇರೆ ಪ್ರಮಾಣದೊಡನೆ ಸೇರಿ ಬಲವಾಗುವುದೇ ಹೊರತು ತಾನೊಂದೇ ನಿಂತು ಹಿಡಿದವನ ಗುರುತನ್ನು ಹೇಳಲಾರದು.

ಭಾವಚಿತ್ರವಿಲ್ಲದ ಸಂಖ್ಯೆಯ ಕಾರ್ಡು ಶುದ್ಧವಾದ ಮುದ್ರೆ. ಸರ್ಕಾರವು ಕೊಟ್ಟಿತೆಂಬುದನ್ನು ಅದು ಹೇಳಬಲ್ಲುದು. ಹಿಡಿದಿರುವವನು ಇವನೇ ಎಂಬುದನ್ನು ಹೇಳಲಾರದು. ಸಂಖ್ಯೆಯಾದರೋ ಲಾಘವಕ್ಕಾಗಿ ಮಾಡಿಕೊಂಡ ಕೃತ್ರಿಮಸಂಜ್ಞೆ. ಪಾಣಿನಿಯು ಕೆಲವು ಧಾತುಗಳನ್ನು ಒಟ್ಟಿಗೆ “ಘು” ಎಂದು ಕರೆದಂತೆ. ನಮ್ಮ ರೈತರಿಗೆ ಹೇಳುವುದಾದರೆ ಸರ್ವೆ ನಂಬರಿನ ಉದಾಹರಣೆ ಸಾಕು. ಹೊಲದ ಸರ್ವೆ ನಂಬರು ಬಾಯಿಗೆ ಬಂದ ಮಾತ್ರಕ್ಕೆ ಹೊಲವು ಯಾರದೂ ಆಗುವುದಿಲ್ಲ. ಆದರೆ ಅದೇ ನಂಬರನ್ನು ಹೊಳೆಯುವ ಹಲಗೆಯಲ್ಲಿ ಕೆತ್ತಿ ಒಬ್ಬನು ಹೊಲದ ಬದುವಿನಲ್ಲಿ ನಿಲ್ಲಿಸಿದನೆನ್ನಿರಿ. ದಾರಿಹೋಕರು ಅವನನ್ನೇ ಯಜಮಾನನೆಂದು ಎಣಿಸುವರು. ಆಕಾರದಿಂದ ಹುಟ್ಟುವ ಭ್ರಾಂತಿಯೆಂದರೆ ಇದೇ.

ಆಕಾರದ ಭ್ರಾಂತಿಯು ಬರವಣಿಗೆಯ ನಿಷೇಧವನ್ನೂ ಮೀರಿಹೋಗುವುದೆಂಬುದಕ್ಕೆ ಅಮೆರಿಕದ ಸಂಯುಕ್ತಸಂಸ್ಥಾನದಲ್ಲಿ ದೃಷ್ಟಾಂತವಿದೆ. ಅಲ್ಲಿ ಸಾಮಾಜಿಕ ಭದ್ರತೆಯ ಸಂಖ್ಯೆಯನ್ನು ೧೯೩೬ರಿಂದ ಚಿಕ್ಕ ಕಾಗದದ ಕಾರ್ಡಿನಲ್ಲಿ ಕೊಡುತ್ತ ಬಂದರು. ೧೯೩೮ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒಬ್ಬ ಪರ್ಸು ತಯಾರಕನು, ತನ್ನ ಪರ್ಸಿನಲ್ಲಿ ಆ ಕಾರ್ಡು ಎಷ್ಟು ಚೆನ್ನಾಗಿ ಕೂರುವುದೆಂದು ತೋರಿಸುವುದಕ್ಕಾಗಿ, ಒಂದೊಂದು ಪರ್ಸಿನಲ್ಲಿಯೂ ಮಾದರಿಯ ಕಾರ್ಡನ್ನು ಇರಿಸಿ ಮಾರಿಸಿದನು. ಅದರಲ್ಲಿ ಅಚ್ಚುಮಾಡಿದುದು ಆ ಕಾರ್ಖಾನೆಯ ಕಾರ್ಯದರ್ಶಿನಿಯೊಬ್ಬಳ ನಿಜವಾದ ಸಂಖ್ಯೆ. ಕಾರ್ಡು ನಿಜವಾದುದರ ಅರ್ಧ ಗಾತ್ರದ್ದು. ಕೆಂಪು ಮಸಿಯಲ್ಲಿ ಅಚ್ಚಾಗಿತ್ತು. ಮಾದರಿಯೆಂದು ಮೇಲೆಯೇ ಬರೆದಿತ್ತು. ಇಷ್ಟಾದರೂ ಪರ್ಸನ್ನು ಕೊಂಡ ಸಾವಿರಾರು ಮಂದಿ ಆ ಸಂಖ್ಯೆಯನ್ನು ತಮ್ಮದೆಂದೇ ನಂಬಿ ಯಜಮಾನರಿಗೆ ಬರೆಯಿಸಿಕೊಟ್ಟರು. ೧೯೪೩ರಲ್ಲಿ ಒಮ್ಮೆಗೆ ೫,೭೫೫ ಮಂದಿ ಅದನ್ನು ಉಪಯೋಗಿಸುತ್ತಿದ್ದರೆಂದೂ, ಕಾಲಕ್ರಮದಲ್ಲಿ ಒಟ್ಟು ೪೦,೦೦೦ಕ್ಕೆ ಮಿಕ್ಕ ಮಂದಿ ತಮ್ಮದೆಂದು ಹೇಳಿದರೆಂದೂ ಆ ಇಲಾಖೆಯ ಚರಿತ್ರೆಯಿಂದ ತಿಳಿದುಬರುತ್ತದೆ. ಪಾಪ, ಆ ಹೆಂಗಸಿಗೆ ಹೊಸ ಸಂಖ್ಯೆಯನ್ನು ಕೊಡಬೇಕಾಯಿತು. ಜನರು ಮೋಸಗಾರರಾಗಿರಲಿಲ್ಲ, ಕಾರ್ಡಿನ ಆಕಾರದಲ್ಲಿ ಕೈಗೆ ಬಂದುದರಿಂದ ತಮಗೆ ಕೊಟ್ಟುದೆಂದು ತಿಳಿದರು. ಆ ಮಾದರಿಯ ಜಾಗದಲ್ಲಿ ಹೆಸರು ಹಿಡಿದು ಬರೆದ ಪತ್ರವೊಂದು ಇದ್ದಿದ್ದರೆ, ಇದು ಬೇರೊಬ್ಬರಿಗೆ ಬಂದ ಕಾಗದವೆಂದು ಎಳೆಯ ಮಗುವೂ ತೆಗೆದಿಡುತ್ತಿತ್ತು. ಅದೇ ದೇಶದಲ್ಲಿ ೧೯೪೬ರಿಂದ ಇದು ಗುರುತಿಗಾಗಿ ಅಲ್ಲವೆಂಬ ವಾಕ್ಯವನ್ನು ಕಾರ್ಡಿನಲ್ಲಿ ಅಚ್ಚುಮಾಡಿದರು; ೧೯೭೨ರ ಹೊಸ ಮಾದರಿಯಲ್ಲಿ ಅದನ್ನು ತೆಗೆದುಹಾಕಿದರು. ಕಾಲು ಶತಮಾನದ ಕಾಲ ಆ ವಾಕ್ಯವು ಇದ್ದುದೇನೋ ನಿಜ. ಬ್ಯಾಂಕಿನವರೂ ಕಾಲೇಜಿನವರೂ ಆ ಸಂಖ್ಯೆಯನ್ನು ಕೇಳುವುದನ್ನು ಬಿಡಲಿಲ್ಲ.

ಪತ್ರದಲ್ಲಿ ವಿಶೇಷವೇನು? ಪತ್ರಕ್ಕೆ ಸಂಬೋಧನೆಯಿದೆ. ಇಂಥವರಿಂದ ಇಂಥವರಿಗೆ, ಇಂಥ ಕಾರ್ಯಕ್ಕಾಗಿ ಎಂಬ ಮೂರೂ ಅದರಲ್ಲಿ ಕೂಡಿಬರಬೇಕು. ಕೌಟಿಲ್ಯನು ಶಾಸನಾಧಿಕಾರದಲ್ಲಿ ರಾಜಲೇಖಕ್ಕೆ ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಗುಣಗಳನ್ನು ವಿಧಿಸಿರುವನು. ಕಾರ್ಡಿನಲ್ಲಿ ಇವಕ್ಕೆ ಅವಕಾಶವೇ ಇಲ್ಲ. ಅಲ್ಲಿ ವಾಕ್ಯಕ್ಕೆ ಸ್ಥಳವಿಲ್ಲ, ಪದಕ್ಕೆ ಮಾತ್ರ ಸ್ಥಳ. ಸೋದರಳಿಯನು ಕಳುಹಿಸಿದ ಪ್ರತಿಯನ್ನು ನೋಡಿದೆನು. ಮಾಧುರ್ಯವೂ ಔದಾರ್ಯವೂ ಅಷ್ಟಾಗಿ ಕಾಣಲಿಲ್ಲ; ಕಂದಾಯದ ಇಲಾಖೆಯವರಿಂದ ಅದನ್ನು ನಿರೀಕ್ಷಿಸುವುದೂ ತರವಲ್ಲ. ಸಂಬಂಧವೂ ಸ್ಪಷ್ಟತೆಯೂ ಇದ್ದುವು: ನಿನ್ನ ಸಂಖ್ಯೆ ಇದು, ಇದು ಇಂಥದಕ್ಕೆ ಬೇಕು, ಇದನ್ನು ಜೋಪಾನವಾಗಿಡು, ಇದು ಗುರುತಿನ ಪ್ರಮಾಣವಲ್ಲ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸಬಹುದು: ಕಾಗದವು ಹರಿಯುವುದು, ನೆನೆಯುವುದು, ಇಲಿ ಕಡಿಯುವುದು, ಕಾರ್ಡು ಬಾಳುವುದು, ಬಡವನಿಗೆ ಬಾಳುವ ವಸ್ತುವನ್ನು ಕೊಡುವುದೇ ಧರ್ಮವಲ್ಲವೆ? ಈ ಆಕ್ಷೇಪವು ಲಘುವಲ್ಲ. ಆದರೆ ಇದು ಹೊಸದೂ ಅಲ್ಲ. ಲೇಖ್ಯವು ದೇಶಾಂತರದಲ್ಲಿದ್ದರೆ, ಅಕ್ಷರವು ಕೆಟ್ಟಿದ್ದರೆ, ಕಳೆದುಹೋದರೆ, ಅಳಿಸಿದರೆ, ಕಳವಾದರೆ, ಒಡೆದರೆ, ಸುಟ್ಟರೆ, ಹರಿದರೆ ಬೇರೊಂದನ್ನು ಮಾಡಿಸತಕ್ಕದ್ದೆಂದು ಯಾಜ್ಞವಲ್ಕ್ಯನು ವಿಧಿಸಿರುವನು. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಆ ಸ್ಮೃತಿಗೇ ವ್ಯಾಖ್ಯಾನ. ಲೇಖ್ಯವು ನಾಶವಾಗಬಲ್ಲುದೆಂದು ಬಲ್ಲವರು ಅದನ್ನು ನಾಶವಾಗದಂತೆ ಮಾಡಲು ಹೊರಡಲಿಲ್ಲ. ನಾಶವಾದರೂ ಅರ್ಥವು ನಾಶವಾಗದಂತೆ ವ್ಯವಸ್ಥೆಯನ್ನು ಮಾಡಿದರು. ಈಗಿನ ಪತ್ರದ ವಿಷಯವೂ ಅಷ್ಟೆ. ಮೂಲವು ಇಲಾಖೆಯ ಕಡತದಲ್ಲಿರುವುದು. ಸಂಬಳದ ಚೀಟಿಯಲ್ಲಿಯೂ ಆ ಸಂಖ್ಯೆಯು ಕಾಣುವುದು. ಬಾಳುವ ವಸ್ತುವು ಕಳೆದರೆ ಆಗುವ ಭಯವೇ ನಮ್ಮ ಅಡಿಗೆಯವನನ್ನು ಎರಡು ತಿಂಗಳು ಅಂಗಡಿಯಿಂದ ದೂರವಿಟ್ಟುದು.

ಆದರೂ ಒಂದು ದೋಷವನ್ನು ಮುಚ್ಚಿಡಲಾರೆನು. ಪತ್ರಕ್ಕೆ ವಿಳಾಸ ಬೇಕು. ತಂದೆತಾಯಿಗಳು ಮಕ್ಕಳ ಭತ್ಯವನ್ನು ಪಡೆಯುತ್ತಿದ್ದ ಮನೆಗೆ ಅದು ತಾನಾಗಿ ಬರುವುದು. ಮಿಕ್ಕವರು ಅರ್ಜಿಯನ್ನು ಹಾಕಿ ಪಡೆಯಬೇಕು. ಮನೆಯಿಂದ ಮನೆಗೆ ಅಲೆಯುವ ಅನಾಥಬಾಲಕನಿಗೆ ಕಾರ್ಡಾದರೂ ಅಷ್ಟೇ, ಪತ್ರವಾದರೂ ಅಷ್ಟೇ ಎನ್ನಬಹುದು. ಆದರೆ ಒಮ್ಮೆ ಕೈಸೇರಿದ ಕಾರ್ಡನ್ನು ಅವನು ಜೇಬಿನಲ್ಲಿ ಹೊತ್ತು ತಿರುಗಬಲ್ಲನು, ಹಾಳೆಯನ್ನು ಹಾಗೆ ಮಾಡಲಾರನು. ಇದಕ್ಕೆ ನನ್ನಲ್ಲಿ ಪೂರ್ಣವಾದ ಸಮಾಧಾನವಿಲ್ಲ.

ಕಾಕತಾಳೀಯವೋ ಏನೋ, ಈ ಕಾರ್ಡು ನಿಂತ ವರ್ಷದಲ್ಲಿಯೇ ಆ ದೇಶದ ಇನ್ನೊಂದು ಕಾರ್ಡೂ ನಿಂತಿತು. ಯುದ್ಧದ ಆರಂಭದಲ್ಲಿ, ೧೯೩೯ರಲ್ಲಿ, ಅಲ್ಲಿ ಎಲ್ಲರಿಗೂ ಗುರುತಿನ ಚೀಟಿಯನ್ನು ಕೊಟ್ಟಿದ್ದರು. ಯುದ್ಧವು ಮುಗಿದು ಏಳು ವರ್ಷ ಕಳೆಯುವ ಹೊತ್ತಿಗೆ, ೧೯೫೨ರಲ್ಲಿ, ಅದನ್ನು ರದ್ದುಮಾಡಿದರು. ೨೦೦೬ರ ಶಾಸನದಿಂದ ಹೊಸ ಗುರುತಿನ ಕಾರ್ಡು ಬಂದಿತು. ೨೦೧೦ರ ಶಾಸನವು ಅದನ್ನು ತೊಡೆದುಹಾಕಿ, ೨೦೧೧ರ ಜನವರಿಯಿಂದ ಅದು ಅಸಿಂಧುವಾಯಿತು. ಗುರುತಿನ ಕಾರ್ಡನ್ನು ಒಲ್ಲದ ಜನರ ಕೈಯಲ್ಲಿ ಗುರುತಿನದಲ್ಲದ ಕಾರ್ಡು ಉಳಿದಿದ್ದರೆ ಅದೇ ಗುರುತಿನದಾಗಿ ಬೆಳೆಯುತ್ತಿತ್ತೆಂಬುದು ನನ್ನ ಊಹೆ.

ನಮ್ಮ ದೇಶದ ನಡೆಯು ಇದಕ್ಕೆ ವಿಪರೀತವಾಗಿ ಸಾಗಿತು. ೨೦೧೦ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ಮೊದಲು ಕೊಟ್ಟ ಆಧಾರ್ ಮೂಲತಃ ಹನ್ನೆರಡು ಅಂಕಗಳ ಸಂಖ್ಯೆ. ಅಂಚೆಯಲ್ಲಿ ಬರುತ್ತಿದ್ದುದು ಪತ್ರವೇ. ಪತ್ರದ ಕೆಳಭಾಗದಲ್ಲಿ ಕತ್ತರಿಸಿಕೊಳ್ಳುವ ತುಂಡೊಂದಿತ್ತು. ಜನರು ಮೇಲಿನ ವಾಕ್ಯಗಳನ್ನೆಲ್ಲ ಕತ್ತರಿಸಿ ಎಸೆದು ಆ ತುಂಡನ್ನು ಉಳಿಸಿಕೊಂಡರು. ಝೆರಾಕ್ಸ್ ಅಂಗಡಿಗಳವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಮಾಡಿ ಕೊಡತೊಡಗಿದರು. ಸಾಧಾರಣ ಕಾಗದದ ಪ್ರತಿಯೇ ಸಂಪೂರ್ಣವಾಗಿ ಸಿಂಧು, ಪ್ಲಾಸ್ಟಿಕ್ ಕಾರ್ಡು ಅನವಶ್ಯಕವೆಂದು ಪ್ರಾಧಿಕಾರದವರು ೨೦೧೮ರಲ್ಲಿ ಸಾರಿದರು. ಕೇಳಿದವರು ಯಾರು? ೨೦೨೦ರಲ್ಲಿ ಪ್ರಾಧಿಕಾರವೇ ೫೦ ರೂಪಾಯಿ ಶುಲ್ಕಕ್ಕೆ ಪ್ಲಾಸ್ಟಿಕ್ ಕಾರ್ಡನ್ನು ಕೊಡಲು ಆರಂಭಿಸಿತು. ನಮ್ಮ ಸಂಖ್ಯೆಯು ಗುರುತಿಗಾಗಿಯೇ ಹುಟ್ಟಿದುದು, ಅವರದು ಲೆಕ್ಕಕ್ಕಾಗಿ ಹುಟ್ಟಿದುದು. ಆದುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಪತ್ರವನ್ನು ಕತ್ತರಿಸಿದಾಗ ಹೋದುದೇನೆಂಬುದನ್ನು ನಾವು ಬಲ್ಲೆವೆ? ಇದು ಪೌರತ್ವದ ಪ್ರಮಾಣವಲ್ಲವೆಂಬ ಮಾತು ೨೦೧೬ರ ಶಾಸನದ ಒಂಬತ್ತನೆಯ ಪ್ರಕರಣದಲ್ಲಿಯೇ ಇದೆ; ಜೇಬಿನ ತುಂಡನ್ನು ನೋಡಿ ಅದನ್ನು ನೆನೆಯುವವರು ವಿರಳ.

ಸೋದರಳಿಯನಿಗೆ ನಾನು ಬರೆದ ಉತ್ತರದಲ್ಲಿ ಇಷ್ಟನ್ನೂ ಬರೆಯಲಿಲ್ಲ, ಅವನಿಗೆ ಬಿಡುವಿಲ್ಲ. ಲ್ಯಾಮಿನೇಷನ್ನು ಬೇಡ, ಮಡಿಸಿದ ಹಾಗೆಯೇ ಹುಡುಗಿಯ ಜನನಪತ್ರಿಕೆಯೊಡನೆ ಇರಿಸು ಎಂದು ಮಾತ್ರ ತಿಳಿಸಿದೆನು. ಅದಕ್ಕೆ ಕಾರಣವಿದೆ. ಆ ದೇಶದಲ್ಲಿ ಒಬ್ಬನಿಗೆ ಕೆಲಸಮಾಡುವ ಹಕ್ಕು ಇದೆಯೇ ಎಂದು ಯಜಮಾನನು ಪರೀಕ್ಷಿಸುವಾಗ, ಈ ಸಂಖ್ಯೆಯನ್ನು ತಿಳಿಸುವ ಸರ್ಕಾರದ ಕಾಗದವು ಒಂಟಿಯಾಗಿ ಸಲ್ಲುವುದಿಲ್ಲ. ಆ ದೇಶದ ಜನನಪತ್ರಿಕೆಯೊಡನೆ ಸೇರಿದರೆ ಸಲ್ಲುವುದು. ಹಕ್ಕು ಬೇರೆ ರೀತಿಯಲ್ಲಿ ಸಿದ್ಧವಾದರೆ ಸಂಖ್ಯೆಯು ಬರುವುದಕ್ಕೆ ಮುಂಚೆಯೇ ಕೆಲಸಕ್ಕೆ ಸೇರಬಹುದು.

ಆ ಹುಡುಗಿಯು ಈಗ ಶನಿವಾರಗಳಲ್ಲಿ ರೊಟ್ಟಿಯ ಅಂಗಡಿಯೊಂದರಲ್ಲಿ ಕೆಲಸಮಾಡುತ್ತಾಳೆ. ಸಂಖ್ಯೆಯು ಅವಳಿಗೆ ಬಾಯಿಪಾಠವಾಗಿದೆಯೆಂದು ಅವಳ ತಂದೆಯು ಬರೆದಿದ್ದಾನೆ. ಪತ್ರವು ಪೆಟ್ಟಿಗೆಯಲ್ಲಿದೆ. ಇಲಾಖೆಯವರು ಇತ್ತೀಚೆಗೆ ಆ ಸಂಖ್ಯೆಯನ್ನು ಮೊಬೈಲಿನಲ್ಲಿಯೂ ಇರಿಸಿಕೊಳ್ಳಲು ಅನುಕೂಲ ಮಾಡಿಕೊಟ್ಟಿರುವುದರಿಂದ ಅವಳು ಹಾಗೂ ಮಾಡಿಕೊಂಡಿದ್ದಾಳೆ. ತೆರೆಯ ಮೇಲೆ ಅದು ಕಾರ್ಡಿನ ಆಕಾರದಲ್ಲಿಯೇ ಕಾಣುವುದಂತೆ.